109 ನಿಮಿಷ ವಾಪಸ್ ಕೊಡಿ ಅಂದ ಮೇಷ್ಟ್ರಿಗೆ

ಮೇಷ್ಟ್ರೇ, ನಮಸ್ಕಾರ.

ಸಕಲೇಶಪುರದಿಂದ ನೀವು ಬರೆದ ಕಾಗದ ಸಿಕ್ಕಿತು. ಹೋದ ಸಂಚಿಕೆಯಲ್ಲಿ ‘ಇನ್ ಟೈಮ್’ ಅನ್ನೋ ಇಂಗ್ಲಿಷ್ ಸಿನಿಮಾ ನೋಡಿ ಅಂತ ನಾನು ಬರೆದಿದ್ದನ್ನು ನಂಬಿ, ಮಳೆ ರಾತ್ರಿಯಲ್ಲಿ ಮೊಮ್ಮಗನ ಲ್ಯಾಪ್‌ಟಾಪ್ ಮುಂದೆ ಕೂತಿರಂತೆ. “ಆಯಸ್ಸೇ ದುಡ್ಡು ಅನ್ನೋದು ಹುಚ್ಚು ಕಲ್ಪನೆ, ಕೊನೆಗೆ ಬರೀ ಓಡಾಟ, ನನ್ನ 109 ನಿಮಿಷ ವಾಪಸ್ ಕೊಡಿ” ಎಂದಿದ್ದೀರಿ. ಅರ್ಧ ತಪ್ಪು ಒಪ್ಪಿಕೊಳ್ಳುತ್ತೇನೆ. ಇನ್ನರ್ಧಕ್ಕೆ ಜಗಳ ಇದೆ.

ಸಿನಿಮಾ ನೋಡದವರಿಗೆ ಎರಡು ಮಾತು. 2011ರಲ್ಲಿ ಬಂದದ್ದು, ಆಂಡ್ರ್ಯೂ ನಿಕೋಲ್ ಬರೆದು ನಿರ್ದೇಶಿಸಿದ್ದು. ಅಲ್ಲಿ 25ಕ್ಕೆ ಎಲ್ಲರ ವಯಸ್ಸೂ ನಿಂತುಹೋಗುತ್ತದೆ. ಆಮೇಲೆ ಒಂದೇ ವರ್ಷ ಆಯಸ್ಸು, ಮುಂಗೈ ಮೇಲೆ ಹಸಿರು ಗಡಿಯಾರ. ಕೂಲಿ, ಬಾಡಿಗೆ, ಸಾಲ ಎಲ್ಲ ಸಮಯದಲ್ಲೇ. ಸೊನ್ನೆಗೆ ಬಂದರೆ ನಿಂತಲ್ಲೇ ಸಾವು.

ಇದು ಹುಚ್ಚು ಕಲ್ಪನೆಯಾ? ನಿನ್ನೆ 3 ನಿಮಿಷಕ್ಕೆ ಸಿಗುತ್ತಿದ್ದ ಕಾಫಿ ಇವತ್ತು 4 ನಿಮಿಷ. ನಾಯಕ ವಿಲ್ ಕಾರ್ಖಾನೆಯಲ್ಲಿ ಹಿಂದಿನ ವಾರಕ್ಕಿಂತ ಜಾಸ್ತಿ ಕೆಲಸ ಮಾಡಿದ್ದಾನೆ, ಕೈಗೆ ಬಂದದ್ದು ಮಾತ್ರ ಕಮ್ಮಿ. ಕೇಳಿದರೆ, ಮಾಡಬೇಕಾದ ಲೆಕ್ಕವೂ ಏರಿದೆ ಅನ್ನುತ್ತಾರೆ. ಕಾಫಿ ಹಣ್ಣು ಕುಯ್ಯುವ ಕಾಲದಲ್ಲಿ, ಸಂಜೆ ತಕ್ಕಡಿ ಮುಂದೆ ಚೀಲ ಇಟ್ಟುಕೊಂಡು ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾ, ಮೇಷ್ಟ್ರೇ?

ಆಮೇಲೆ ಆ ಬಸ್ಸು. 1 ಗಂಟೆ ಇದ್ದ ಚಾರ್ಜು 2 ಗಂಟೆ ಆಗಿದೆ. ವಿಲ್‌ನ ತಾಯಿಯ ಕೈಯಲ್ಲಿರುವುದು ಒಂದೂವರೆ ಗಂಟೆ, ನಡೆದರೆ ಎರಡು ಗಂಟೆ ದಾರಿ. ಹಾಗಾದ್ರೆ ಓಡು ಅನ್ನುತ್ತಾನೆ ಡ್ರೈವರ್. ಓಡುತ್ತಾಳೆ. ಮಗನ ತೋಳಿಗೆ ಬಂದು ಬೀಳುವಷ್ಟರಲ್ಲಿ ಲೆಕ್ಕ ಮುಗಿದಿರುತ್ತದೆ. 2025ರ ಜನವರಿಯಲ್ಲಿ ನಮ್ಮ ಬಸ್ ದರ ಶೇ. 15 ಏರಿದಾಗ ನನಗೆ ಮೊದಲು ನೆನಪಾದದ್ದು ಈ ಹೆಂಗಸು. (ಶಕ್ತಿ ಯೋಜನೆ ಇರುವ ನಮ್ಮಲ್ಲಾದರೆ ಆಧಾರ್ ತೋರಿಸಿ ಜೀರೋ ಟಿಕೆಟ್ ತಗೊಂಡು ಬದುಕಿರುತ್ತಿದ್ದಳು. ಸೀಟು ಸಿಗುತ್ತಿರಲಿಲ್ಲ ಅಷ್ಟೆ.)

ನಿಮ್ಮ ಬೈಗುಳ ನ್ಯಾಯವಾಗುವುದು ಇದಾದ ಮೇಲೆ. ಯಾರೋ ಕೊಟ್ಟ ನೂರು ಚಿಲ್ಲರೆ ವರ್ಷ ಇಟ್ಟುಕೊಂಡು ವಿಲ್ ಶ್ರೀಮಂತರ ಊರಿಗೆ ಹೋಗುತ್ತಾನೆ. ಅಲ್ಲಿ ಒಬ್ಬ ಸಾಹುಕಾರ ತನ್ನ ಅತ್ತೆ, ಹೆಂಡತಿ, ಮಗಳನ್ನು ಪರಿಚಯಿಸುತ್ತಾನೆ, ಮೂವರೂ ಒಂದೇ ವಯಸ್ಸಿನವರ ಹಾಗೆ ಕಾಣುತ್ತಾರೆ. ಚೆನ್ನಾಗಿತ್ತು ಅದು. ಮುಂದೆ ಸುಮ್ನೆ ಅಪಹರಣ, ಬ್ಯಾಂಕ್ ದರೋಡೆ, ಎತ್ತರದ ಹಿಮ್ಮಡಿ ಚಪ್ಪಲಿ ಹಾಕಿಕೊಂಡೇ ಓಡುವ ನಾಯಕಿ. ಕೊನೆಗೆ ಹತ್ತು ಲಕ್ಷ ವರ್ಷ ಕದ್ದು ಹಂಚುತ್ತಾರೆ. ಅರ್ಧ ಗಂಟೆ ಕಮ್ಮಿ ಬಿದ್ದಾಗ ಹೊಡೆದುಕೊಂಡ ಎದೆ ಹತ್ತು ಲಕ್ಷ ವರ್ಷಕ್ಕೆ ಮಿಸುಕುವುದಿಲ್ಲ, ಅಲ್ವಾ? ಬೆನ್ನಟ್ಟಿ ಬಂದ ಪೊಲೀಸಿನವನಂತೂ ದಿನದ ಭತ್ಯೆ ತಗೊಳ್ಳೋದು ಮರೆತು ಸಾಯುತ್ತಾನೆ! ಇನ್ನು ಈ ಪದ್ಧತಿ ಬಂದದ್ದು ಹೇಗೆ? ಅದನ್ನೆಲ್ಲ ಯೋಚಿಸೋಕೆ ನನಗೆ ಟೈಮಿಲ್ಲ ಅಂತ ನಾಯಕ ಶುರುವಿನಲ್ಲೇ ಕೈ ತೊಳೆದುಕೊಳ್ಳುತ್ತಾನೆ. ನಿಮ್ಮ ಪರೀಕ್ಷೆಯಲ್ಲಿ ಯಾವನಾದರೂ ಹುಡುಗ ಹೀಗೆ ಬರೆದಿದ್ದರೆ ಎಷ್ಟು ಅಂಕ ಕೊಡುತ್ತಿದ್ದಿರಿ?

ನನ್ನ ತಪ್ಪು ಇಷ್ಟೇ: ಸಿನಿಮಾ ನೋಡಿ ಬಹಳ ವರ್ಷ ಆಗಿತ್ತು, ನೆನಪಿನಲ್ಲಿ ಉಳಿದದ್ದು ಮೊದಲ ಭಾಗ ಮಾತ್ರ. ಮತ್ತೆ ನೋಡದೆ ಬರೆದುಬಿಟ್ಟೆ.

ಆ 109 ನಿಮಿಷದ ವಿಷಯ. ನಿಮಿಷ ನನ್ನ ಹತ್ತಿರ ಇಲ್ಲ. 4 ನಿಮಿಷಕ್ಕೊಂದು ಕಾಫಿ ಎಂದರೆ 27 ಕಾಫಿ ಆಗುತ್ತದೆ. ಹಾಸನಕ್ಕೆ ಬಂದಾಗ ಕಚೇರಿಗೆ ಬನ್ನಿ, ಕಂತಿನಲ್ಲಿ ತೀರಿಸುತ್ತೇನೆ.

– ಸಂಪಾದಕ