ತಪಾಸಣೆಗೆ ಬಂದವರು ಯಾವ ರೈಲ್ವೆಯವರು?

ರೈಲ್ವೆಯ ದೊಡ್ಡ ಅಧಿಕಾರಿ ತಪಾಸಣೆಗೆ ಬರುತ್ತಾರೆ ಎಂದರೆ ನಿಮ್ಮ ಕಡೆಯ ಜನ ಮನವಿ ಪತ್ರ ಹಿಡಿದು ಏಕೆ ಓಡುತ್ತಾರೆ ಎಂದು ಕೇಳಿದ್ದೀರಿ. ಅವರನ್ನು ಕಾಣಲು ಮಂಗಳೂರಿನವರಿಗೆ ಬೇರೆ ಅವಕಾಶ ಕಡಿಮೆ, ಅದಕ್ಕೆ.

ಮಂಗಳೂರು ಸೆಂಟ್ರಲ್ ಮತ್ತು ಜಂಕ್ಷನ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದವು. ವಿಭಾಗದ ಕಚೇರಿ ಕೇರಳದಲ್ಲಿ, ವಲಯದ ಕಚೇರಿ ಚೆನ್ನೈಯಲ್ಲಿ. ಪಡೀಲಿನಿಂದ ಪುತ್ತೂರಿನ ಕಡೆ ಹೊರಳಿದರೆ ನೈಋತ್ಯ ರೈಲ್ವೆಯ ಮೈಸೂರು ವಿಭಾಗ, ಅದರ ವಲಯ ಕಚೇರಿ ಹುಬ್ಬಳ್ಳಿ. ಉತ್ತರಕ್ಕೆ ತೋಕೂರು ದಾಟಿದರೆ ಕೊಂಕಣ ರೈಲ್ವೆ, ಅದರ ಆಡಳಿತ ನವಿ ಮುಂಬೈಯ ಬೇಲಾಪುರದಲ್ಲಿ. ಆದ್ದರಿಂದ ತಪಾಸಣೆಯ ಸುದ್ದಿ ಬಂದಾಗ ನಾವು ಮೊದಲು ವಿಚಾರಿಸುವುದು, ಬರುತ್ತಿರುವವರು ಯಾವ ರೈಲ್ವೆಯವರು ಎಂದು.

ವಲಯದ ಮಹಾಪ್ರಬಂಧಕರ ವಾರ್ಷಿಕ ತಪಾಸಣೆ ಒಂದು ಬಗೆ. ಮನವಿಗಳು ಸಲ್ಲುವುದು ಅಲ್ಲಿ. ರೈಲ್ವೆ ಸುರಕ್ಷತಾ ಆಯುಕ್ತರದು ಬೇರೆಯೇ ಬಗೆ. 1989ರ ರೈಲ್ವೆ ಕಾಯ್ದೆಯ ಪ್ರಕಾರ ಹೊಸ ಹಳಿಯನ್ನು ಆಯುಕ್ತರು ಪರೀಕ್ಷಿಸಿದ ಮೇಲೆಯೇ ಅದರಲ್ಲಿ ಪ್ರಯಾಣಿಕರ ರೈಲು ಓಡಬಹುದು. ಆಯುಕ್ತರ ಇಲಾಖೆ ರೈಲ್ವೆ ಸಚಿವಾಲಯಕ್ಕೆ ಸೇರಿಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಅಧೀನದಲ್ಲಿದೆ. ರೈಲು ಓಡಿಸುವವರೇ ತಮ್ಮ ಕೆಲಸಕ್ಕೆ ತಾವೇ ಅಂಕ ಕೊಟ್ಟುಕೊಳ್ಳಬಾರದಲ್ಲ. ಟ್ರಾಲಿಯಲ್ಲಿ ಸಾಗುತ್ತಾ ಸೇತುವೆ, ಸಿಗ್ನಲ್, ಹಳಿಯ ಮಟ್ಟ ನೋಡಿ, ಕೊನೆಗೆ ವೇಗದ ಪರೀಕ್ಷೆ ನಡೆಸುತ್ತಾರೆ. ಆ ದಿನ ಹಳಿ ದಾಟಬೇಡಿ ಎಂಬ ಪ್ರಕಟಣೆ ಪತ್ರಿಕೆಯಲ್ಲಿ ಬರುತ್ತದೆ. ಹಳಿಯ ಪಕ್ಕ ಮನೆಯಿರುವವರು ಅದನ್ನು ಓದಲೇಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಇಲ್ಲಿ ನೋಡಬೇಕಾದದ್ದು ಪ್ಲಾಟ್‌ಫಾರ್ಮನ್ನಲ್ಲ, ಗುಡ್ಡ ಕಡಿದ ಜಾಗಗಳನ್ನು. ನಮ್ಮ ಗುಡ್ಡಗಳಲ್ಲಿ ಮೇಲೆ ಗಟ್ಟಿ ಮುರಕಲ್ಲು, ಕೆಳಗೆ ಶೇಡಿ ಮಣ್ಣು. ನೀರು ಕುಡಿದರೆ ಆ ಮಣ್ಣು ಬೆಣ್ಣೆಯಂತೆ ಜಾರುತ್ತದೆ. 2019ರ ಆಗಸ್ಟ್‌ನಲ್ಲಿ ಕುಲಶೇಖರದ ಬಳಿ ಗುಡ್ಡ ಜರಿದು ಕೊಂಕಣ ಮಾರ್ಗದ ಸಂಚಾರ ಹಲವು ದಿನ ಅಸ್ತವ್ಯಸ್ತವಾಯಿತು. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದಲ್ಲಂತೂ ಸುಮಾರು 55 ಕಿಲೋಮೀಟರ್‌ನಲ್ಲಿ 57 ಸುರಂಗಗಳು, 50 ಅಡಿ ಸಾಗಿದರೆ ಒಂದು ಅಡಿ ಏರುವ ಕಡಿದಾದ ದಾರಿ. ಕೊಂಕಣ ರೈಲ್ವೆ ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ ಮಾಡಿ ರೈಲುಗಳ ವೇಗ ಇಳಿಸುತ್ತದೆ, ಹಳಿಯುದ್ದಕ್ಕೂ ಗಸ್ತು ಹಾಕಿಸುತ್ತದೆ. ಸುರಿಯುವ ಮಳೆಯಲ್ಲಿ ರಾತ್ರಿಯಿಡೀ ಲಾಟೀನು ಹಿಡಿದು ನಡೆಯುವ ಆ ಗಸ್ತಿನವರದೇ ನನ್ನ ಪಾಲಿಗೆ ನಿಜವಾದ ತಪಾಸಣೆ. ಮೂರೂ ರೈಲ್ವೆಗಳ ಮುಖ್ಯಸ್ಥರು ಜುಲೈಯಲ್ಲಿ ಒಮ್ಮೆ ಒಟ್ಟಿಗೆ ಬಂದು ಅವರ ಮಾತು ಕೇಳಬೇಕು. ಗುಡ್ಡ ಜರಿಯುವುದು ಯಾವ ವಲಯದ ಗಡಿಯನ್ನೂ ನೋಡಿಕೊಂಡಲ್ಲ.

ನೀವು ಇಲ್ಲಿಗೆ ಬಂದಾಗ ದೂರು ಬರೆಯುವಂತಾದರೆ ಇಷ್ಟು ನೆನಪಿಡಿ: ಉಡುಪಿಯ ಇಂದ್ರಾಳಿ ನಿಲ್ದಾಣದ ವಿಷಯ ಕೊಂಕಣ ರೈಲ್ವೆಗೆ, ಮಂಗಳೂರು ಸೆಂಟ್ರಲ್‌ನದು ಪಾಲಕ್ಕಾಡಿಗೆ, ಕಬಕ ಪುತ್ತೂರಿನದು ಮೈಸೂರಿಗೆ.