ಪ್ರಕರಣಗಳ ಸಂಖ್ಯೆ ಏರಿದರೆ ಅಪರಾಧ ಏರಿತೆಂದೇ ಅರ್ಥವೇ?

ಪ್ರಶ್ನೆ: 2023ರಲ್ಲಿ ದೇಶದಲ್ಲೇ ಅತಿ ಹೆಚ್ಚು ಸೈಬರ್ ಪ್ರಕರಣಗಳು ಕರ್ನಾಟಕದಲ್ಲಿ ದಾಖಲಾಗಿವೆಯಂತೆ. ನಮ್ಮ ರಾಜ್ಯ ಅಷ್ಟೊಂದು ಅಸುರಕ್ಷಿತವೇ? ದಾವಣಗೆರೆ ಜಿಲ್ಲೆಯ ಹಳೆಯ ಅಂಕಿಗಳೊಂದಿಗೆ ಈಗಿನವನ್ನು ಹೋಲಿಸಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕ ಹಾಕುವುದು ನಡೆದ ಅಪರಾಧಗಳನ್ನಲ್ಲ, ಠಾಣೆಗಳಲ್ಲಿ ಎಫ್‌ಐಆರ್ ಆದ ಪ್ರಕರಣಗಳನ್ನು. ಕರ್ನಾಟಕದಲ್ಲಿ 2022ರಲ್ಲಿ 12,556 ಇದ್ದ ಸೈಬರ್ ಪ್ರಕರಣಗಳು 2023ರಲ್ಲಿ 21,889ಕ್ಕೆ ಏರಿದವು ನಿಜ. ಆದರೆ ಅವುಗಳಲ್ಲಿ 17,631 ಬೆಂಗಳೂರು ನಗರವೊಂದರಲ್ಲೇ ದಾಖಲಾದವು. ಐದರಲ್ಲಿ ನಾಲ್ಕು ಪಾಲು ರಾಜಧಾನಿಯದೇ ಆಗಿರುವಾಗ ರಾಜ್ಯದ ಒಟ್ಟು ಅಂಕಿಯಿಂದ ದಾವಣಗೆರೆಯ ಸ್ಥಿತಿಯನ್ನು ಊಹಿಸಲಾಗದು. ವಂಚನೆ ಹೆಚ್ಚಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ದೂರು ಕೊಡುವವರೂ ಅದನ್ನು ದಾಖಲಿಸಿಕೊಳ್ಳುವ ಠಾಣೆಗಳೂ ಹೆಚ್ಚಿದಂತೆ ಅಂಕಿ ಏರುತ್ತದೆ, ಮತ್ತು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ ಮಾತ್ರಕ್ಕೆ ಪ್ರತಿಯೊಂದು ದೂರೂ ಎಫ್‌ಐಆರ್ ಆಗುವುದಿಲ್ಲ.

ಇದಕ್ಕೆ ವಿರುದ್ಧವಾದುದೂ ನಡೆಯುತ್ತದೆ. ಬಸ್ ನಿಲ್ದಾಣದ ನೂಕುನುಗ್ಗಲಿನಲ್ಲಿ ಯಾರೋ ಜೇಬಿನಿಂದ ಎಗರಿಸಿದ ಮೊಬೈಲನ್ನು 'ಕಳೆದುಹೋಗಿದೆ' ಎಂದು ಬರೆದುಕೊಟ್ಟು ಸ್ವೀಕೃತಿ ಪಡೆದರೆ, ಸಿಮ್ ಮರಳಿ ಪಡೆಯಲು ಅದು ಸಾಕು. ಕಳವಿನ ಅಂಕಿಯಲ್ಲಿ ಮಾತ್ರ ಅದು ಸೇರುವುದೇ ಇಲ್ಲ. ಹೀಗಾಗಿ ಕಳವು ಪ್ರಕರಣ ಕಡಿಮೆ ತೋರಿಸುವ ಠಾಣೆಯನ್ನು ನಾನು ಕೂಡಲೇ ಹೊಗಳುವುದಿಲ್ಲ. ಒಂದೇ ಎಫ್‌ಐಆರ್‌ನಲ್ಲಿ ಕೊಲೆಯೂ ಸುಲಿಗೆಯೂ ಇದ್ದರೆ, ಹೆಚ್ಚು ಶಿಕ್ಷೆಯ ಕೊಲೆಯೊಂದನ್ನೇ ಎಣಿಸುವ ನಿಯಮವೂ ಇದೆ.

ನಿಮ್ಮ ಎರಡನೆಯ ಪ್ರಶ್ನೆಯಲ್ಲಿ ದೊಡ್ಡ ತೊಡಕಿದೆ. ಅಪರಾಧದ ದರವೆಂದರೆ ಒಂದು ಲಕ್ಷ ಜನಸಂಖ್ಯೆಗೆ ದಾಖಲಾದ ಪ್ರಕರಣಗಳು. 2011ರ ಜನಗಣತಿಯಲ್ಲಿ ದಾವಣಗೆರೆ ಜಿಲ್ಲೆಯ ಜನಸಂಖ್ಯೆ 19,45,497. ಅದರಲ್ಲಿ ಹರಪನಹಳ್ಳಿ ತಾಲ್ಲೂಕೂ ಸೇರಿತ್ತು. ಆ ತಾಲ್ಲೂಕು 2018ರಲ್ಲಿ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಇಂದಿನ ಪ್ರಕರಣಗಳನ್ನು ಅಂದಿನ ಜನಸಂಖ್ಯೆಯಿಂದ ಭಾಗಿಸಿದರೆ ದರ ಕೃತಕವಾಗಿ ಕುಗ್ಗುತ್ತದೆ. ಒಟ್ಟು ಸಂಖ್ಯೆಯನ್ನೇ ಹೋಲಿಸಿದರೂ, ಪೊಲೀಸರ ಶ್ರಮವಿಲ್ಲದೆಯೇ ಇಳಿಕೆ ಕಂಡೀತು. ಜಿಲ್ಲಾ ಪೊಲೀಸ್ ಕಚೇರಿಯಿಂದ ಮಾಹಿತಿ ಹಕ್ಕಿನಡಿ ಠಾಣಾವಾರು ವಿವರ ಕೇಳಿ ಪಡೆಯಿರಿ. ಹಳೆಯ ವರ್ಷಗಳಿಂದ ಹರಪನಹಳ್ಳಿ ತಾಲ್ಲೂಕಿನ ಠಾಣೆಗಳನ್ನು ಕೈಬಿಟ್ಟು, ಉಳಿದ ಠಾಣೆಗಳನ್ನಷ್ಟೇ ಹೋಲಿಸಿ.