ಕೀ ಕೊಟ್ಟವರಿಗೂ ದಂಡ ಉಂಟು

ಪ್ರಶ್ನೆ: ವಕೀಲರೇ, ನನ್ನ ಸ್ಕೂಟರ್ ತಗೊಂಡು ಮೈದುನ ಹಾಸನಕ್ಕೆ ಹೋಗಿದ್ದ. ವಯಸ್ಸು 22, ಎಲ್ಎಲ್ಆರ್ ಕೂಡ ಮಾಡಿಸಿಲ್ಲ. ಎನ್.ಆರ್. ವೃತ್ತದಲ್ಲಿ ಪೊಲೀಸರು ಹಿಡಿದರು. ದಂಡ ಕಟ್ಟುತ್ತೇವೆ ಅಂದರೂ ಗಾಡಿ ಬಿಡಲಿಲ್ಲ. ಹಾಗೆ ಇಟ್ಟುಕೊಳ್ಳಬಹುದಾ?
– ಓದುಗರು, ಬೇಲೂರು

ಉತ್ತರ: ಇಟ್ಟುಕೊಳ್ಳಬಹುದು ತಾಯಿ. 1988ರ ಮೋಟಾರು ವಾಹನ ಕಾಯ್ದೆಯ 207ನೇ ಸೆಕ್ಷನ್ ಆ ಅಧಿಕಾರ ಕೊಟ್ಟಿದೆ. ಬಿಡಿಸಿಕೊಳ್ಳುವ ದಾರಿಯೂ ಅದರಲ್ಲೇ ಇದೆ. ಆರ್‌ಸಿ, ಇನ್ಶೂರೆನ್ಸ್ ಹಿಡಿದು ಮಾಲೀಕರಾದ ನೀವೇ ಅರ್ಜಿ ಕೊಡಿ. ಗಾಡಿ ಕೈಗೆ ಬಂದಾಗ ಡಿಕ್ಕಿ ತೆಗೆದು ನೋಡಿ, ಮಳೆಕೋಟು, ಕಾಗದಪತ್ರ ಸರಿಯಾಗಿದೆಯಾ ಅಂತ. ವಾಪಸ್ ಓಡಿಸಲು ಲೈಸೆನ್ಸ್ ಇರುವವರನ್ನೇ ಕರ್ಕೊಂಡು ಹೋಗಿ. ಠಾಣೆ ಬಾಗಿಲಿಂದಲೇ ಮೈದುನ ಹ್ಯಾಂಡಲ್ ಹಿಡಿದರೆ ಕಷ್ಟ, ಅಲ್ವಾ?

ನೀವು ಕೇಳದ ವಿಷಯವೇ ಜಾಸ್ತಿ ಮುಖ್ಯ. ಓಡಿಸಿದವನಿಗೆ 181ನೇ ಸೆಕ್ಷನ್ ಇದ್ದಂತೆ, ಗಾಡಿ ಕೊಟ್ಟ ನಿಮಗೆ 180 ಇದೆ. ಮೂರು ತಿಂಗಳವರೆಗೆ ಜೈಲು, 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಅಪಘಾತವಾಗಿದ್ದರೆ ಇನ್ಶೂರೆನ್ಸ್ ಕಂಪನಿ ಪರಿಹಾರ ಕೊಟ್ಟರೂ ಆ ಹಣವನ್ನು ನಿಮ್ಮಿಂದ ವಸೂಲಿ ಮಾಡಬಹುದು. ಅವನು 18 ತುಂಬದ ಹುಡುಗನಾಗಿದ್ದರಂತೂ 25,000 ದಂಡ, ಮೂರು ವರ್ಷದವರೆಗೆ ಜೈಲು.

ಎಲ್ಎಲ್ಆರ್‌ಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಸಿಕ್ಕಿ 30 ದಿನವಾದ ಮೇಲೆ ಡಿಎಲ್ ಪರೀಕ್ಷೆ. ಅಲ್ಲಿಯವರೆಗೆ ಕೀ ನಿಮ್ಮ ಹತ್ತಿರವೇ ಇರಲಿ.